ರಕ್ತದ ಫ್ರಿಜ್ಜು

ಕೊಡ್ತೀನಿ ಅಂದವನೂ ಅವನೇ, ಕಿತ್ತುಕೊಂಡವನೂ ಅವನೇ. ಕುಣಿಗಲ್ ಕಡೆಯ ಅನಂತರಾಜುವಿನ ಊರಿನ ಸರ್ಕಾರಿ ಆಸ್ಪತ್ರೆಗೆ ರಕ್ತ ಇಡುವ ಫ್ರಿಜ್ಜು ತರಿಸುತ್ತೇನೆಂದು ನಾಯಕ ಮಹಾಲಿಂಗಯ್ಯ ಚುನಾವಣೆಯಲ್ಲಿ ಕೈಮುಗಿದಿದ್ದ. ಗೆದ್ದಮೇಲೆ, ಅದನ್ನು ಮಂಜೂರು ಮಾಡಿಸಿದ್ದು ತಾನೋ ಹಿಂದಿನವರೋ ಎಂದು ವಿರೋಧಿಗಳ ಜೊತೆ ಜಗಳಕ್ಕೆ ಬಿದ್ದ. ಆ ಜಗಳ ನಡೆಯುತ್ತಿದ್ದಾಗಲೇ ಅನಂತರಾಜುವಿನ ಹೆಂಡತಿ ಸುಬ್ಬಲಕ್ಷ್ಮಿಗೆ ಲಾರಿ ಹೊಡೆಯಿತು. "ಇಲ್ಲಿ ರಕ್ತ ಇಲ್ಲ, ತುಮಕೂರಿಗೆ ಕರ್ಕೊಂಡ್ ಹೋಗಿ" ಅಂದರು ಡಾಕ್ಟರು. ಗೂಳೂರು ಬರುವಷ್ಟರಲ್ಲಿ ಅವನ ತೊಡೆಯ ಮೇಲೆಯೇ ಅವಳ ಉಸಿರು ನಿಂತಿತು. ಕೊನೆಗೂ ಫ್ರಿಜ್ಜು ಬಂತು, ಗುಬ್ಬಿ ಕಡೆಯ ಬೇರೊಂದು ಆಸ್ಪತ್ರೆಗೆ. ಮಹಾಲಿಂಗಯ್ಯನಿಗೆ ಹೆಚ್ಚು ವೋಟು ಬೀಳುತ್ತಿದ್ದದ್ದು ಅಲ್ಲಿ.

ಅದನ್ನು ಕೂರಿಸುವ ಕೆಲಸ ಸಿಕ್ಕಿದ್ದು ಫ್ರಿಜ್ ಮೆಕ್ಯಾನಿಕ್ ಅನಂತರಾಜುವಿಗೇ. ದೇವರು ಕಣ್ಣು ಬಿಟ್ಟ ಅಂದುಕೊಂಡ.

ಉಪಾಯ ಸಲೀಸಾಗಿತ್ತು. ಸೋಮವಾರ ಉದ್ಘಾಟನೆ, ಅಂದೇ ರಕ್ತದ ಚೀಲಗಳನ್ನೂ ತಂದಿಡುತ್ತಾರೆ. ಜನ ಹೋದಮೇಲೆ, ಕೊನೆಯ ಸಲ ನೋಡುವ ನೆಪದಲ್ಲಿ, ಒಳಗೆ ತಣ್ಣಗಾಗದಂತೆ ಮಾಡುವುದು. ಹೊರಗಿನ ಅಂಕಿ ಮಾತ್ರ ಸರಿಯಾಗಿಯೇ ತೋರಬೇಕು, ಅಲಾರಂ ಬಾಯಿ ಮುಚ್ಚಿಕೊಂಡಿರಬೇಕು. ಮಂಗಳವಾರ ಸಂಜೆ ವಿರೋಧಿಗಳ ಕಿವಿಗೆ ಒಂದು ಮಾತು ಹಾಕಿದರೆ ಕ್ಯಾಮೆರಾ ಹಿಡಿದು ಓಡಿಬರುತ್ತಾರೆ. ಮಹಾಲಿಂಗಯ್ಯನ ಫೋಟೋ ಕೆಳಗೆ ಕೆಟ್ಟ ರಕ್ತದ ಚೀಲಗಳು! ಊರೂರಲ್ಲೂ ಛೀಮಾರಿ. ತಪ್ಪನ್ನೆಲ್ಲ ಹೋಗಿಬರುವ ಕರೆಂಟಿನ ತಲೆಗೆ ಕಟ್ಟಿದರಾಯಿತು.

ಬುಧವಾರದವರೆಗೂ ಆಪರೇಷನ್ ಇಲ್ಲವೆಂದು ಆ ಆಸ್ಪತ್ರೆಯ ನರ್ಸ್ ಶಿಲ್ಪಾ ಹೇಳಿದ್ದಳು. ನಡುವೆ ಯಾರಿಗಾದರೂ ರಕ್ತ ಬೇಕಾದರೆ? ಆ ಯೋಚನೆಯನ್ನು ಅವನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಆದರೆ ಮಗಳು ಹೇಮಶ್ರೀಯನ್ನು ಕೊಟ್ಟಿದ್ದು ಫ್ರಿಜ್ಜು ಬಂದ ಅದೇ ಊರಿಗೆ, ಈಗ ತುಂಬು ಬಸುರಿ. ಅವಳನ್ನು ಮರೆಯುವಷ್ಟು ದಡ್ಡನಲ್ಲ ಅವನು. ಮಂಗಳವಾರ ಬೆಳಗ್ಗೆಯೇ ತುಮಕೂರಿನ ಬಟವಾಡಿಯಲ್ಲಿರುವ ತನ್ನ ತಂಗಿಯ ಮನೆಗೆ ಅವಳನ್ನು ಕರೆತರಬೇಕೆಂದು ಅಳಿಯ ಲಕ್ಷ್ಮೀಕಾಂತನಿಂದ ಹೂಂ ಅನ್ನಿಸಿಕೊಂಡಿದ್ದ. ಅಲ್ಲಿ ದೊಡ್ಡಾಸ್ಪತ್ರೆಯೇ ಇತ್ತು.

ಸೋಮವಾರ ಮಹಾಲಿಂಗಯ್ಯ ರಿಬ್ಬನ್ ಕತ್ತರಿಸಿ, "ಕೊಟ್ಟ ಮಾತು ಉಳಿಸ್ಕೊಂಡಿದೀನಿ" ಅಂದ. ಅನಂತರಾಜು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ಸಂಜೆ ತನ್ನ ಕೆಲಸ ಮುಗಿಸಿ ಕೈ ತೊಳೆಯುವಾಗ ಅವನಿಗೆ ಅಳು ಬಂತು. "ನೋಡ್ತಾ ಇರು ಸುಬ್ಬೂ" ಅಂದ.

ಮಂಗಳವಾರ ಬೆಳಗ್ಗೆಯಿಂದ ತಂಗಿಯ ಮನೆಯ ಬಾಗಿಲಲ್ಲೇ ಕುಳಿತಿದ್ದ. ಮಗಳಿಗೆಂದು ಒಳಗೆ ಬಸ್ಸಾರು ಕುದಿಯುತ್ತಿತ್ತು. ಮಧ್ಯಾಹ್ನವಾದರೂ ಕಾರು ಬರಲಿಲ್ಲ, ಅಳಿಯನ ಫೋನು ಬಂತು.

"ಗಾಬರಿ ಆಗ್ಬೇಡಿ ಮಾವ. ಬೆಳಿಗ್ಗೆ ನೋವು ಶುರುವಾಯ್ತು, ಇಲ್ಲೇ ನಮ್ಮೂರ್ ಆಸ್ಪತ್ರೆಗ್ ಸೇರಿಸಿದ್ವಿ. ಹೆಣ್ಮಗು. ಹೇಮಂಗೆ ರಕ್ತ ನಿಲ್ತಿಲ್ಲ, ಈಗ ಏರಿಸ್ತಾರಂತೆ. ಪುಣ್ಯಕ್ಕೆ ನೀವೇ ಕೂರಿಸಿದ್ ಫ್ರಿಜ್ ಇದೆ."

"ಬ್ಯಾಡ! ಆ ರಕ್ತ ಮುಟ್ಬೇಡಿ ಅನ್ನಿ! ಕೆಟ್ಟೋಗೈತೆ ಅದು... ನಾನೇ ಕೆಡಿಸಿದೀನಿ ಕಣಪ್ಪಾ. ತುಮಕೂರಿಗೆ ಕರ್ಕೊಂಡ್ ಬನ್ನಿ!"

ಅಂದಮೇಲೆ ಅವನಿಗೇ ಕೇಳಿಸಿತು, ಅಂದು ಡಾಕ್ಟರು ಆಡಿದ್ದ ಮಾತೇ ಅದು. ಆ ಕಡೆ ಅಳಿಯ ಯಾರನ್ನೋ ಕೂಗುತ್ತಾ ಓಡಿದ ಸದ್ದು. ಆಂಬುಲೆನ್ಸ್ ಎಲ್ಲಿ ಎಂದು ಯಾರೋ ಕಿರುಚಿದರು.

"ಬೆಳಿಗ್ಗೇನೇ ಹೊರಡ್ತೀನಿ ಅಂದಿದ್ಯಲ್ಲಪ್ಪಾ..." ಅನಂತರಾಜು ಗೋಗರೆದ. ಏದುಸಿರಿನ ನಡುವೆ ಅಳಿಯ ಬಿಕ್ಕಿದ: "ನೋವ್ ಬರೋಕ್ ಮುಂಚೇನೇ ಕಾರ್ ಬಂದಿತ್ತು ಮಾವ. ಅಮ್ಮ ಬುಡ್ಲಿಲ್ಲ. ಮಂಗಳವಾರ ಮನೆ ಹೆಣ್ಮಕ್ಳನ್ನ ಹೊರಗ್ ಕಳಿಸ್ತಾರೇನ್ಲಾ, ನಾಳೆ ಹೋಗಿ ಅಂದ್ರು." ಇಂಥದ್ದನ್ನೆಲ್ಲ ನೆನಪಿಡುತ್ತಿದ್ದವಳು ಸುಬ್ಬಲಕ್ಷ್ಮಿ. ಅವಳಿದ್ದಿದ್ದರೆ ಪ್ರಯಾಣದ ಮಾತೆತ್ತಿದ ಕೂಡಲೇ, "ಮಂಗಳವಾರ ಬ್ಯಾಡ ಕಣ್ರೀ, ಸೋಮವಾರನೇ ಕರೆಸ್ಕಳಿ" ಅಂದುಬಿಡುತ್ತಿದ್ದಳು.