ಏನೂ ಇಲ್ಲ

“ಒಂದೇ ಕಣ್ಣು ಮುಚ್ಚಬೇಕು ಕನ್ನಮ್ಮಾ. ಎರಡೂ ಮುಚ್ಚಿದ್ರೆ ಎಂತ ಕಾಣ್ತದೆ?”

ಮೈಕ್ರೋಸ್ಕೋಪಿಗೆ ಬಗ್ಗಿದ್ದ ಕನ್ನಮ್ಮ ಮತ್ತೆ ಪ್ರಯತ್ನಿಸಿದಳು. ಎಡಗಣ್ಣು ಮುಚ್ಚಿದರೆ ಬಲಗಣ್ಣೂ ಜೊತೆಗೇ ಮುಚ್ಚಿಕೊಳ್ಳುತ್ತಿತ್ತು. ಲ್ಯಾಬ್ ನೋಡಿಕೊಳ್ಳುವ ಮಾರಪ್ಪ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ.

“ನಗಬೇಡಿ ಲ್ಯಾಬಿನವ್ರೇ. ಹೆಂಗಸ್ರು ಒಂದು ಕಣ್ಣು ಮುಚ್ಚಿದ್ರೆ ನಮ್ಮ ಕಡೆ ಅದಕ್ಕೆ ಬೇರೆ ಅರ್ಥ.”

“ಹಾಗಾದ್ರೆ ನನ್ನ ಕಡೆ ತಿರುಗಿ ಮುಚ್ಚಬೇಡಿ,” ಎಂದ ಮಾರಪ್ಪ. ಎಂದಮೇಲೆ ಅವನ ಕಿವಿಯೇ ಕೆಂಪಾಯಿತು.

ಕೊನೆಗೆ ಅವಳು ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು ನೋಡಿದಳು. ಈರುಳ್ಳಿಯ ತೆಳು ಪೊರೆ ಇಟ್ಟಿಗೆ ಜೋಡಿಸಿದ ಹಾಗೆ ಕಂಡಿತು. ಅಷ್ಟು ಹತ್ತಿರ ನಿಂತವನ ಉಸಿರೂ ಕೇಳಿಸಿತು. ಈರುಳ್ಳಿ ನೋಡಲು ಅಷ್ಟು ಹೊತ್ತು ಬೇಕಿರಲಿಲ್ಲ. ಆದರೂ ಅವಳು ತಲೆ ಎತ್ತಲಿಲ್ಲ.

ಅದು ಅರವತ್ತೇಳನೆಯ ಇಸವಿ. ಸಾಗರದ ಪೇಟೆಯಲ್ಲಿ ಒಂದು ಬಾಡಿಗೆ ಕಟ್ಟಡ ಹಿಡಿದು ಡಾಕ್ಟರ್ ವನಮಾಲಾ ಸಂಶೋಧನೆ ನಡೆಸುತ್ತಿದ್ದರು. ಅಲ್ಲಿಗೆ ಬರುವ ಹೆಂಗಸರಲ್ಲಿ ಎರಡು ಬಗೆ. ಇನ್ನು ಸಾಕು ಎಂದು ಬಸಿರು ತಡೆಯುವ ಲೂಪ್ ಹಾಕಿಸಿಕೊಳ್ಳುವವರು ಒಂದು ಬೆಂಚಿನಲ್ಲಿ, ಒಂದಾದರೂ ಬೇಕು ಎನ್ನುವವರು ಎದುರು ಬೆಂಚಿನಲ್ಲಿ. ಇವರು ಅವರನ್ನು, ಅವರು ಇವರನ್ನು ನೋಡುತ್ತಾ ಕೂರುತ್ತಿದ್ದರು. ಮಕ್ಕಳಾಗದಿದ್ದರೆ ಗಂಡನನ್ನೂ ಪರೀಕ್ಷಿಸಬೇಕು ಎನ್ನುವುದು ಡಾಕ್ಟರ ಹಟ. ಗಂಡಂದಿರೋ, ವೀರ್ಯದ ಸೀಸೆ ಹಿಡಿದು ಬರುವುದಿರಲಿ, ಆ ಬೀದಿಗೇ ಕಾಲಿಡುತ್ತಿರಲಿಲ್ಲ.

ಕನ್ನಮ್ಮ ಅಲ್ಲಿ ಆಯಾ. ಮಕ್ಕಳಾಗಲಿಲ್ಲವೆಂದು ನಿಟ್ಟೂರಿನ ಗಂಡ ಇನ್ನೊಬ್ಬಳನ್ನು ತಂದುಕೊಂಡು ಇವಳನ್ನು ತವರಿಗೆ ಅಟ್ಟಿದ್ದ. ತವರಿನಲ್ಲಿ ಅಣ್ಣ ಕೆರಿಯಪ್ಪ ಬಾ ಎಂದ. ಆದರೆ ಭೂಮಿ ಹುಣ್ಣಿಮೆ ಹತ್ತಿರವಾದಾಗ ಅತ್ತಿಗೆ ಬಾಯಿಬಿಟ್ಟಳು. ಹೊಡೆಯಲ್ಲಿ ಭತ್ತದ ತೆನೆ ತುಂಬಿದ ಗದ್ದೆಯನ್ನು ಬಸುರಿಯೆಂದೇ ಬಗೆದು ಬಯಕೆಯ ಊಟ ಒಯ್ಯುವ ಹಬ್ಬ ಅದು. ಊಟ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುವುದರಲ್ಲಿ ಕನ್ನಮ್ಮನದು ಎತ್ತಿದ ಕೈ. “ಬಂಜೆ ಕೈ ತಾಗ್ಬಾರ್ದು. ಇನ್ಮೇಲೆ ನೀನು ಬುಟ್ಟಿ ಮುಟ್ಟೋದು ಬ್ಯಾಡ,” ಎಂದಳು ಅತ್ತಿಗೆ. ಕನ್ನಮ್ಮ ಬಟ್ಟೆ ಗಂಟು ಕಟ್ಟಿಕೊಂಡು ಸಾಗರಕ್ಕೆ ಬಂದಳು.

ಬಂಗಾರಮ್ಮ ಎಂಬ ಮುದುಕಿಯ ಮನೆಯಲ್ಲಿ ಅವಳಿಗೊಂದು ಕೋಣೆ ಸಿಕ್ಕಿತು. ಒಬ್ಬಳಿಗೆಂದು ಅನ್ನ ಮಾಡಲು ಮಾತ್ರ ಅವಳಿಗೆ ಬರಲಿಲ್ಲ. ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಇನ್ನೊಬ್ಬರಿಗಾಗುವಷ್ಟು ಉಳಿಯುತ್ತಿತ್ತು. ಆ ಅನ್ನ ನೋಡಿದಾಗಲೆಲ್ಲ ಅವಳಿಗೆ ಅಳು ಬರುತ್ತಿತ್ತು.

ಮಾರಪ್ಪನಿಗೆ ಬರುವ ಅಳುವನ್ನು ಕೇಳುವವರೂ ಇರಲಿಲ್ಲ. ಅವನು ಬ್ಯಾಕೋಡಿನ ಕಡೆಯವನು. ಮನೆ, ಗದ್ದೆ ಎಲ್ಲ ಶರಾವತಿಯ ಹಿನ್ನೀರಿನಡಿ ಹೋಗಿದ್ದವು. ನೆಂಟರು ದಿಕ್ಕಿಗೊಬ್ಬರಾಗಿದ್ದರು. “ನಮ್ಮನೆಗೆ ಹೋಗ್ಬೇಕಂದ್ರೆ ಈಜು ಬರಬೇಕು,” ಎಂದು ತಾನೇ ಹೇಳಿ ತಾನೇ ನಗುತ್ತಿದ್ದ. ಊಟಕ್ಕೆ ಹೋಟೆಲು, ಅಂಗಿಯ ಗುಂಡಿ ಕಿತ್ತರೆ ಗುಂಡುಸೂಜಿ. ಒಮ್ಮೆ ಕನ್ನಮ್ಮ ಆ ಅಂಗಿ ತರಿಸಿಕೊಂಡು ಗುಂಡಿ ಹೊಲಿದುಕೊಟ್ಟಳು. ಅಲ್ಲಿಂದ ಮುಂದೆ ಅವನ ಗುಂಡಿಗಳು ಯಾಕೋ ಪದೇ ಪದೇ ಕಿತ್ತುಬರತೊಡಗಿದವು.

“ನೀನೂ ಪರೀಕ್ಷೆ ಮಾಡಿಸ್ಕೋ ಕನ್ನಮ್ಮ,” ಎಂದರು ಡಾಕ್ಟರ್ ಒಂದು ದಿನ. ಅವಳು ಒಪ್ಪಿದಳು. ಗರ್ಭಕೋಶದೊಳಗಿನ ಪೊರೆಯ ಚೂರೊಂದನ್ನು ತೆಗೆದು ಪರೀಕ್ಷೆಗೆ ಇಟ್ಟರು. ಆ ನೋವು ಎರಡು ದಿನಕ್ಕೆ ಹೋಯಿತು, ಉತ್ತರಕ್ಕಾಗಿ ಕಾಯುವ ನೋವು ಹೋಗಲಿಲ್ಲ. ಬಂಜೆ ಎನ್ನುವ ಮಾತು ಸುಳ್ಳಾದರೆ ಮಾರಪ್ಪನ ಎದುರು ತಲೆಯೆತ್ತಿ ನಿಲ್ಲಬಹುದು, ಅವನು ಕೇಳಿದರೆ ಹೂಂ ಎನ್ನಬಹುದು. ಅವಳಿಗೆ ಬೇಕಿದ್ದುದು ಇಷ್ಟೇ.

ಆದರೆ ಅದೇ ದಿನಗಳಲ್ಲಿ ಮಾರಪ್ಪ ಬದಲಾದ. ಯಾವಾಗ ನೋಡಿದರೂ ಮೈಕ್ರೋಸ್ಕೋಪಿನ ಲೆನ್ಸ್ ಒರೆಸುವುದೇ ಒರೆಸುವುದು. ಮಾತಾಡಿಸಿದರೆ ಹೂಂ, ಇಲ್ಲವಾದರೆ ಊಹೂಂ. ಗುಂಡಿಗಳೂ ಕೀಳುವುದನ್ನು ನಿಲ್ಲಿಸಿದವು.

ಒಂದು ಮಧ್ಯಾಹ್ನ ಬಿಸಿನೀರಿನ ಪಾತ್ರೆ ಹಿಡಿದು ಲ್ಯಾಬಿನ ಬಾಗಿಲಿಗೆ ಬಂದವಳಿಗೆ ಒಳಗಿನ ಮಾತು ಕೇಳಿಸಿತು.

“ಏನೂ ಇಲ್ಲ ಡಾಕ್ಟ್ರೇ. ಇವತ್ತೂ ನೋಡ್ದೆ. ಏನಂದ್ರೆ ಏನೂ ಇಲ್ಲ.”

“ಇನ್ನೊಂದ್ಸಲ ನೋಡಿ ಮಾರಪ್ಪ.”

“ಎಷ್ಟು ಸಲ ನೋಡ್ಲಿ? ಕನ್ನಮ್ಮಂಗೆ ಮಾತ್ರ ಹೇಳ್ಬೇಡಿ. ನಾನೇ ಹೇಗಾದ್ರೂ ಹೇಳ್ತೀನಿ.”

ಕನ್ನಮ್ಮ ಪಾತ್ರೆಯನ್ನು ಅಲ್ಲೇ ನೆಲಕ್ಕಿಟ್ಟು ಹಿಂದಿರುಗಿದಳು. ತನ್ನೊಳಗೆ ಏನೂ ಇಲ್ಲ. ಅತ್ತಿಗೆಯ ಮಾತು ನಿಜವಾಯಿತು. ಅದನ್ನು ಮಾರಪ್ಪನೇ ತನ್ನ ಕಣ್ಣಾರೆ ನೋಡಿದನಲ್ಲ ಎನ್ನುವುದು ಅವಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು. ಆ ವಾರವೇ ಅವನು ತೀರ್ಥಹಳ್ಳಿಗೆ ವರ್ಗ ಕೇಳಿದ್ದಾನೆಂದು ಸುದ್ದಿ ಬಂತು. ಬಂಜೆಯ ಸಹವಾಸ ಯಾರಿಗೆ ಬೇಕು ಎಂದುಕೊಂಡಳು.

ಕೆಲವು ದಿನ ಕಳೆದು ಡಾಕ್ಟರ್ ಅವಳನ್ನು ಕರೆದು ಕೂರಿಸಿದರು. “ನೋಡು, ನಿಂಗೆ ಏನೂ ಇಲ್ಲ.”

“ಗೊತ್ತು ಡಾಕ್ಟ್ರಮ್ಮ. ಅವತ್ತೇ ಕೇಳಿಸ್ಕೊಂಡೆ.” ಕನ್ನಮ್ಮ ಸೆರಗು ಬಾಯಿಗೊತ್ತಿ ಅತ್ತಳು.

“ಅಯ್ಯೋ, ಏನೂ ಇಲ್ಲ ಅಂದ್ರೆ ಅಳ್ತಾರೇನೇ? ಏನೂ ದೋಷ ಇಲ್ಲ ಅಂದೆ. ನಿನಗೆ ಮಕ್ಕಳಾಗ್ಬಹುದು.”

ಅಳು ಅರ್ಧಕ್ಕೇ ನಿಂತಿತು. “ಮತ್ತೆ ಅವತ್ತು ಲ್ಯಾಬಿನವ್ರು ಏನೂ ಇಲ್ಲ ಅಂದಿದ್ದು?”

ಡಾಕ್ಟರ ಮುಖ ಸಪ್ಪಗಾಯಿತು. “ಅದು ನಿಂದಲ್ಲ. ಯಾರದು ಅಂತ ನಾನು ಹೇಳೋ ಹಾಗಿಲ್ಲ.”

ಕನ್ನಮ್ಮ ನೇರ ಲ್ಯಾಬಿಗೆ ಹೋದಳು. ಮಾರಪ್ಪ ಅಲ್ಲೇ ಇದ್ದ, ಕೈಯಲ್ಲಿ ಅದೇ ಲೆನ್ಸ್ ಒರೆಸುವ ಬಟ್ಟೆ. ಅವಳು ಏನೂ ಕೇಳಬೇಕಾಗಲಿಲ್ಲ, ಮುಖ ನೋಡಿಯೇ ಅವನು ಶುರುಮಾಡಿದ.

“ಗಂಡಸ್ರು ಯಾರೂ ಬರ್ಲಿಲ್ಲ. ಮೆಷಿನ್ ಸರಿ ಇದ್ಯಾ ನೋಡೋಣ ಅಂತ ನಂದೇ ಇಟ್ಟು ನೋಡ್ದೆ. ಏನೂ ಕಾಣ್ಲಿಲ್ಲ. ಲೆನ್ಸಿಗೆ ಕೊಳೆ ಹತ್ತಿದೆ ಅಂದ್ಕೊಂಡೆ. ಒರೆಸಿ ಒರೆಸಿ ನೋಡ್ದೆ. ಆಮೇಲೆ ಒಬ್ಬ ಲಾರಿ ಡ್ರೈವರ್ ಧೈರ್ಯ ಮಾಡಿ ಬಂದ. ಅವನದ್ರಲ್ಲಿ ಎಲ್ಲ ಚೆನ್ನಾಗಿ ಕಾಣ್ತು.” ಅವನು ಬಟ್ಟೆಯನ್ನು ಮಡಿಸಿಟ್ಟ. “ಲೆನ್ಸ್ ಸರಿಯಾಗೇ ಇತ್ತು ಕನ್ನಮ್ಮ.”

ಹೊರಗೆ ಬೆಂಚಿನಲ್ಲಿ ಯಾರದೋ ಮಗು ರಚ್ಚೆ ಹಿಡಿದಿತ್ತು. ಮಾರಪ್ಪ ಬಾಗಿಲು ಓರೆ ಮಾಡಿದ.

“ನೀವು ಇನ್ನೊಂದು ಮದುವೆ ಆಗಿ. ನಿಮ್ಮ ಮಡಿಲು ತುಂಬಬೇಕು. ನಾನು ಅಡ್ಡ ಬರಲ್ಲ, ದೂರ ಹೋಗ್ತೀನಿ.”

ಹೋಗಬೇಡಿ ಎನ್ನಲು ಅವಳಿಗೆ ಆಗಲಿಲ್ಲ. ಮಗುವಿನ ಆಸೆ ಇರಲಿಲ್ಲವೆಂದರೆ ಅದು ಸುಳ್ಳು. ಈಗಷ್ಟೇ ಕೈಗೆ ಬಂದ ಆಸೆ, ಬಿಡುವುದು ಸುಲಭವಲ್ಲ. ಅವಳು ಹೊರಬಂದಳು.

ಕನ್ನಮ್ಮನಿಗೆ ದೋಷವಿಲ್ಲವೆಂಬ ಸುದ್ದಿ ಹೇಗೋ ಊರು ಮುಟ್ಟಿತು. ಭೂಮಿ ಹುಣ್ಣಿಮೆಗೆ ಮುಂಚೆ ಕೆರಿಯಪ್ಪ ಬಂದು ಬಂಗಾರಮ್ಮನ ಜಗಲಿಯಲ್ಲಿ ಕೂತ. ಅವನ ಮುಖದಲ್ಲಿ ಹಿಗ್ಗು ತುಂಬಿತ್ತು.

“ಹೊಸನಗರದಾಗೆ ಒಬ್ಬ ಇದಾನೆ ತಂಗಿ, ಹೆಂಡ್ತಿ ತೀರ್ಕೊಂಡಾಳೆ. ಒಂದು ಮಗ ಆಗ್ಲಿ ಅಂತ ಅವಂಗೆ ಆಸೆ. ಈ ಸಲ ಬುಟ್ಟಿನೂ ನೀನೇ ಬರೀಬೇಕಂತೆ, ನಿಮ್ಮತ್ತಿಗೆ ಹೇಳಿ ಕಳ್ಸಿದಾಳೆ.”

ಕನ್ನಮ್ಮ ತನ್ನ ಕೈಯನ್ನೇ ನೋಡಿಕೊಂಡಳು. ಹೋದ ವರ್ಷ ಬೇಡವಾದ ಕೈ, ಈ ವರ್ಷ ಬೇಕಾದ ಕೈ ಎರಡೂ ಒಂದೇ. ಇಷ್ಟು ದಿನದಲ್ಲಿ ಆ ಕೈಯನ್ನು ಕೈಯೆಂದೇ ನೋಡಿದವನು ಒಬ್ಬನೇ, ಗುಂಡಿ ಹೊಲಿಸಿಕೊಂಡವನು. ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಮನಸ್ಸು ತಿಳಿಯಾಯಿತು.

“ಬುಟ್ಟಿ ಬರೀತೀನಣ್ಣ,” ಎಂದಳು. “ಆದ್ರೆ ನಿಮ್ಮ ಗದ್ದೆಗಲ್ಲ.”

ಹುಣ್ಣಿಮೆಯ ಬೆಳಗ್ಗೆ ತೀರ್ಥಹಳ್ಳಿಯ ಬಸ್ಸು ಹೊರಡುವುದರಲ್ಲಿತ್ತು. ಮಾರಪ್ಪನ ಟ್ರಂಕು ಆಗಲೇ ಬಸ್ಸಿನ ಮೇಲೇರಿತ್ತು. ಚಿತ್ತಾರದ ಬುಟ್ಟಿ ತಲೆಯ ಮೇಲೆ ಹೊತ್ತು ಬರುತ್ತಿದ್ದವಳನ್ನು ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ತಿರುಗಿ ನೋಡಿತು.

“ಇದು ಗದ್ದೆಗೆ ಹೋಗ್ಬೇಕಲ್ವಾ?” ಎಂದ ಮಾರಪ್ಪ ಗಾಬರಿಯಿಂದ.

“ನಿಮ್ಮ ಗದ್ದೆ ನೀರಡಿ ಇದೆ. ಅಣ್ಣನ ಗದ್ದೆ ನಂಗೆ ಬ್ಯಾಡ. ಉಣ್ಣೋಕೆ ನಾವಿಬ್ರು ಇದೀವಲ್ಲ.” ಅವಳು ಬುಟ್ಟಿ ಇಳಿಸಿದಳು. ಒಳಗೆ ಕಡುಬು, ಪಲ್ಯ, ಇಬ್ಬರಿಗಾಗುವಷ್ಟು ಅನ್ನ.

“ಕನ್ನಮ್ಮ, ನನ್ನ ಹತ್ರ ಏನೂ ಇಲ್ಲ. ನಾಳೆ ಮರುಗಿದ್ರೆ? ಇನ್ನೊಂದ್ಸಲ ಸರಿಯಾಗಿ ನೋಡಿ.”

“ಅಳ್ತೀನಿ. ಮಗು ಬೇಕು ಅನ್ಸಿದಾಗ ಅಳ್ತೀನಿ, ನೀವು ಪಕ್ಕದಲ್ಲಿ ಕೂತಿರಿ. ಒಂದು ಕಣ್ಣು ಮುಚ್ಚಿ ನೋಡೋದು ನಿಮ್ಮ ಮೆಷಿನ್ನಲ್ಲಿ. ನಾನು ಎರಡೂ ಬಿಟ್ಕೊಂಡೇ ನೋಡಿದೀನಿ.”

ಅವಳು ಹಾಗೇ ಅವನನ್ನು ನೋಡಿದಳು. ಎರಡೂ ಕಣ್ಣಲ್ಲಿ ನೀರಿತ್ತು. ಮಾರಪ್ಪ ಬಗ್ಗಿ ಬುಟ್ಟಿಯನ್ನು ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡ.

“ಹತ್ತಿ ಸ್ವಾಮಿ, ಹೊರಡ್ತದೆ! ಏನಾಯ್ತು?” ಎಂದು ಕಂಡಕ್ಟರ್ ಕೂಗಿದ.

“ಏನೂ ಇಲ್ಲ,” ಎಂದ ಮಾರಪ್ಪ. “ಆ ಟ್ರಂಕ್ ಸ್ವಲ್ಪ ಇಳಿಸಿಕೊಡಿ.”