ಸಿಲ್ವಿಯಾಳ ಕನ್ನಡ ದನಿ

ಬೀರುವಿನಲ್ಲಿ ಮೂರು ಡಿಸ್ಕ್ ಇರಬೇಕಿತ್ತು. ಎರಡೇ ಇದ್ದವು.

ರಾಮನಗರದ ಐಜೂರಿನಲ್ಲಿ, ಬೇಕರಿಯೊಂದರ ಮಹಡಿಯ ಮೇಲೆ ಸಮದ್‌ನ ಡಬ್ಬಿಂಗ್ ಸ್ಟುಡಿಯೋ. ಶನಿವಾರ ಬೆಳಿಗ್ಗೆ ಬೀರು ತೆಗೆದವನು ಹಾಗೇ ನೆಲದ ಮೇಲೆ ಕುಸಿದು ಕೂತನಂತೆ. ಪೊಲೀಸರಿಗೆ ಹೇಳಿದರೆ ಸುದ್ದಿ ಮುಂಬಯಿಯ ಕಂಪನಿಗೆ ಮುಟ್ಟುತ್ತದೆ. ಮುಟ್ಟಿದರೆ ಸ್ಟುಡಿಯೋ ಮುಚ್ಚಿದ ಹಾಗೆಯೇ. ಅದಕ್ಕೇ ಅವನು ನನ್ನ ಅತ್ತೆಗೆ ಫೋನ್ ಮಾಡಿದ.

ಅತ್ತೆ ನಾಗಲಕ್ಷ್ಮಮ್ಮ ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತರಾದವರು. ಈಗ ಕೈಲಾಂಚದಲ್ಲಿ ಹಿಪ್ಪುನೇರಳೆ ಬೆಳೆಯುತ್ತಾರೆ. ಗಾಡಿ ಓಡಿಸಲು ಬಾರದು. ಹಾಗಾಗಿ ಇಂಥ ಕರೆ ಬಂದಾಗಲೆಲ್ಲ ನನ್ನ ಸ್ಕೂಟರಿನ ಹಿಂದೆ ಕೂರುತ್ತಾರೆ.

“ಗಾಬರಿ ಬ್ಯಾಡ ಕಣಪ್ಪಾ. ಏನು ಹೋಗೈತೆ, ಅದನ್ನ ಹೇಳು.”

“ಇಟಲಿ ಪಿಚ್ಚರ್ ಅಕ್ಕಾ. ಕಾಲೇಜು ಹುಡುಗ್ರಿಗೇ ಅಂತ ಮಾಡಿರೋದು. ದೆವ್ವಾನೂ ಐತೆ, ಲವ್ವೂ ಐತೆ. ಸಿಲ್ವಿಯಾ ಅಂತ ಹುಡುಗಿ, ಕೆರೇಲಿ ಮುಳುಗಿ ಸತ್ತೋಗಿರ್ತಾಳೆ. ದಿನಾ ಸಂಜೆ ಮಾರ್ಕೊ ಅನ್ನೋ ಹುಡುಗನ ಹತ್ರ ಬತ್ತಾಳೆ. ಸತ್ತೋಳು ಅಂತ ಅವನಿಗೆ ಗೊತ್ತು. ಗೊತ್ತಿದ್ರೂ ಕಾಯ್ತಾನೆ.”

“ಡಿಸ್ಕಲ್ಲಿ ಏನಿತ್ತು?”

“ಒಂದರಲ್ಲಿ ಪಿಚ್ಚರ್. ಇನ್ನೊಂದರಲ್ಲಿ ಮಿಕ್ಕೋರ ಮಾತು. ಹೋಗಿರೋದು ಸಿಲ್ವಿಯಾ ಮಾತಿಂದು ಮಾತ್ರ.”

“ಆ ಹುಡುಗಿಗೆ ಕನ್ನಡದಲ್ಲಿ ಮಾತು ಕೊಟ್ಟೋರು ಯಾರು?”

“ನೂರ್ಜಹಾನ್,” ಎಂದ ಸಮದ್. ಅವನ ದನಿ ಇಳಿಯಿತು.

ಇದೇ ಊರಿನ ಹುಡುಗಿ. ಕೇಬಲ್ ಟಿವಿಯಲ್ಲಿ ಸುದ್ದಿ ಓದುತ್ತಿದ್ದವಳು. ಡಬ್ಬಿಂಗ್ ನಡೆದಿದ್ದಾಗಲೇ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ನಡುವಿನ ಕೆಲವು ದೃಶ್ಯಗಳು ಬಾಕಿ ಇದ್ದವು. ಬೇರೆ ಹುಡುಗಿಯಿಂದ ಎಲ್ಲವನ್ನೂ ಹೊಸದಾಗಿ ಮಾಡಿಸಿ, ಹಳೆಯದನ್ನು ನಮ್ಮೆದುರೇ ಅಳಿಸಿ — ಎಂದಿತು ಕಂಪನಿ. ಸೋಮವಾರ ಅವರ ಮನುಷ್ಯ ಬರುವವನಿದ್ದ.

“ಡಿಸ್ಕ್ ಇಲ್ಲ ಅಂದ್ರೆ ನಾನೇ ಕದ್ದು ಮಾರಿದ್ದೀನಿ ಅಂತಾರೆ ಅಕ್ಕಾ.”

“ಅದನ್ನ ಪೂರ್ತಿ ಕೇಳಿರೋರು ಯಾರ್ಯಾರು?”

“ನಾನೊಬ್ಬನೇ. ಕೊನೇ ಸೀನನ್ನ ಅವಳು ಹಠ ಹಿಡಿದು ಮೊದಲೇ ಮುಗಿಸಿದ್ಲು. ಮಾರನೇ ದಿನವೇ ಆಪರೇಷನ್. ಒಳಗೆ ಅವಳು, ಈಚೆಗೆ ನಾನು. ಇನ್ನೊಂದು ನರಪಿಳ್ಳೆ ಇರಲಿಲ್ಲ.”

ಬೀಗ ಒಡೆದಿರಲಿಲ್ಲ. ಬೀಗದ ಕೈ ಮೇಜಿನ ಡ್ರಾಯರಿನಲ್ಲೇ ಇರುತ್ತಿತ್ತು. ಆ ವಾರ ಸಮದ್ ಊಟಕ್ಕೆ ಹೋಗಿದ್ದಾಗ ಸ್ಟುಡಿಯೋದಲ್ಲಿ ಕಾದು ಕೂತಿದ್ದವರು ಇಬ್ಬರು. ಒಂದು ದಿನ ಚಿತ್ರದ ಕನ್ನಡ ಮಾತುಗಳನ್ನು ಬರೆದ ರಾಮಲಿಂಗಯ್ಯ ಮೇಷ್ಟ್ರು, ಇನ್ನೊಂದು ದಿನ ಮಾರ್ಕೊನಿಗೆ ದನಿಯಾದ ಮೆಹಬೂಬ್.

“ನೂರ್ಜಹಾನ್?”

“ಆಸ್ಪತ್ರೆಯಿಂದ ಬಂದ ಮೇಲೆ ಅವಳು ಹೊಸ್ತಿಲು ದಾಟಿಲ್ಲ.”

ರಾಮಲಿಂಗಯ್ಯನವರು ನಮ್ಮನ್ನು ಜಗಲಿಯ ಮೇಲೇ ಕೂರಿಸಿ ಮಾತಾಡಿದರು. ಸಿಟ್ಟಿನಲ್ಲಿದ್ದರು.

“ಆ ಡಿಸ್ಕ್ ನನಗ್ಯಾಕಮ್ಮ? ಹೊಸ ಹುಡುಗಿ ಬರ್ತಾಳೆ ಅಂದಾಗ ನಾನು ನೆಮ್ಮದಿಯಾಗಿದ್ದೆ. ಆ ನೂರ್ಜಹಾನ್ ಬರೆದದ್ದನ್ನ ಬರೆದ ಹಾಗೆ ಹೇಳ್ತಿರಲಿಲ್ಲ, ಊರ ಮಾತು ಸೇರಿಸೋಳು.”

“ಕೊನೇ ಸೀನಲ್ಲೂ ಸೇರಿಸಿದ್ಲಾ?”

“ಅಲ್ಲೇನಿದೆ ಸೇರಿಸೋಕೆ? ‘ನಾನು ಹೋಗ್ತೀನಿ ಮಾರ್ಕೊ.’ ಅಷ್ಟೇ ಬರೆದಿರೋದು. ಹೇಗೆ ಹೇಳಿದಳೋ ಕಾಣೆ. ಸಮದ್ ನನಗೆ ಕೇಳಿಸಲೇ ಇಲ್ಲ.”

ಮೆಹಬೂಬ್ ಸಿಕ್ಕಿದ್ದು ಬಿಡದಿಯಲ್ಲಿ. ಕಾರ್ಖಾನೆಯ ಪಾಳಿ ಮುಗಿಸಿ, ಸಮವಸ್ತ್ರದಲ್ಲೇ ತಟ್ಟೆ ಇಡ್ಲಿ ಹೋಟೆಲಿಗೆ ಬಂದಿದ್ದ. ತೆಳ್ಳಗಿನ ಹುಡುಗ. ಕಣ್ಣಲ್ಲಿ ನಿದ್ದೆ ಇರಲಿಲ್ಲ.

“ನೂರ್ಜಹಾನ್ ಜೊತೆ ಎಷ್ಟು ಸೀನ್ ಮಾಡಿದ್ದೀಯಪ್ಪಾ?” ಅತ್ತೆ ಕೇಳಿದರು.

“ಒಂದೂ ಇಲ್ಲಮ್ಮ. ಒಬ್ಬೊಬ್ರೇ ಮಾಡೋದು. ನನ್ನ ಕಿವೀಲಿ ಇಟಲಿ ಹುಡುಗಿ ಮಾತಾಡ್ತಿರ್ತಾಳೆ. ನಾನು ಕನ್ನಡದಲ್ಲಿ ಉತ್ತರ ಹೇಳ್ಬೇಕು. ನಂದು ಬೆಳಿಗ್ಗೆ, ಅವರದ್ದು ಮಧ್ಯಾಹ್ನ. ನಾನು ಮೆಟ್ಟಿಲು ಇಳಿಯೋವಾಗ ಅವರು ಹತ್ತೋರು. ಸಲಾಮ್ ಅಂತಿದ್ವಿ.”

“ಅಷ್ಟೇನಾ?”

“ಅಷ್ಟೇ. ಆದ್ರೆ ಮೈಕ್ ಮುಂದೆ ನಿಂತಾಗ ಮಾರ್ಕೊ ಮಾತನ್ನ ನಾನು ಆ ಇಟಲಿ ಹುಡುಗಿಗೆ ಅಂತ ಯಾವತ್ತೂ ಹೇಳ್ಲಿಲ್ಲಮ್ಮ.”

“ಆಪರೇಷನ್ ಆದ ಮೇಲೆ ಅವಳನ್ನ ನೋಡಿದ್ದೀಯಾ? ಫೋನಲ್ಲಿ ಏನಾದ್ರೂ?”

“ಇಲ್ಲ. ನಂಬರ್ ಕೇಳೋ ಧೈರ್ಯವೂ ಇರಲಿಲ್ಲ.”

“ಪಾಪ, ಅವಳು ಮಾತಾಡಿರೋದನ್ನೂ ಅಳಿಸ್ತಾರಂತೆ.”

ಮೆಹಬೂಬ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಅದ್ಹೆಂಗೆ ಮನಸ್ಸು ಬತ್ತದೆ ಹೇಳಿ? ಕೊನೇಲಿ, ಕೆರೆ ದಡದಲ್ಲಿ, ‘ಹೋಗ್ಬತ್ತೀನಿ ಮಾರ್ಕೊ’ ಅಂತಾಳೆ. ಸತ್ತಿರೋಳು — ಎಲ್ಲಿಂದ ಬತ್ತಾಳೆ? ಆದ್ರೂ ಹಂಗಂತಾಳೆ. ಅದನ್ನ ಅಳಿಸ್ತಾರಂತೆ!”

ಅತ್ತೆ ಕಾಫಿ ಲೋಟ ಕೆಳಗಿಟ್ಟರು. ಎದ್ದು ಹೊರಗೆ ಹೋಗಿ ಫೋನಿನಲ್ಲಿ ಎರಡು ಮಾತಾಡಿ ಬಂದರು. ಕೂತರು.

“ಡಿಸ್ಕ್ ಕೊಡಪ್ಪಾ.”

ಮೆಹಬೂಬ್ ಬಿಳಿಚಿಕೊಂಡ. ನಾನೂ ಬೆಚ್ಚಿದೆ. “ಇವರೇ ಅಂತ ಹೇಗೆ ಅತ್ತೆ?”

“ಮಾರೋಕೆ ಕದ್ದಿದ್ರೆ ಪಿಚ್ಚರ್ ಇರೋ ಡಿಸ್ಕನ್ನೂ ಎತ್ತಿರೋನು. ಕದ್ದೋನಿಗೆ ಬೇಕಾಗಿದ್ದದ್ದು ಅವಳ ದನಿ ಒಂದೇ. ಮೇಷ್ಟ್ರಿಗೆ ಅದು ಅಳಿಸಿಹೋದ್ರೇ ನೆಮ್ಮದಿ, ಅವರ್ಯಾಕೆ ಕದೀತಾರೆ? ಇನ್ನು ಆ ಮಾತು. ಮೇಷ್ಟ್ರು ಬರೆದದ್ದು ‘ಹೋಗ್ತೀನಿ.’ ಇಟಲಿಯವಳು ಹೇಳಿದ್ದೂ ಅಷ್ಟೇ ಅಂತೆ. ನೂರ್ಜಹಾನ್ ಮೈಕ್ ಮುಂದೆ ನಿಂತು ‘ಹೋಗ್ಬತ್ತೀನಿ’ ಅಂದ್ಲು. ಈಗ ಸಮದನ್ನ ಕೇಳಿದೆ. ಮೇಷ್ಟ್ರು ಜಗಳಕ್ಕೆ ಬತ್ತಾರೆ ಅಂತ ಅವನು ಯಾರಿಗೂ ಬಾಯಿ ಬಿಟ್ಟಿಲ್ಲ.”

“ನೂರ್ಜಹಾನೇ ಹೇಳಿರಬಹುದಲ್ಲ?”

“ಯಾವಾಗ? ಮಾರನೇ ದಿನವೇ ಆಪರೇಷನ್. ಆಮೇಲೆ ಅವಳನ್ನ ನೋಡಿಲ್ಲ, ಮಾತಾಡಿಲ್ಲ ಅಂತ ಇವನೇ ಅಂದ. ಆ ಮಾತು ಇವನ ಕಿವಿಗೆ ಬಿದ್ದಿದ್ರೆ, ಡಿಸ್ಕಿಂದಲೇ ಬಿದ್ದಿರಬೇಕು.”

ಮೆಹಬೂಬ್ ಊಟದ ಚೀಲದೊಳಗೆ ಕೈ ಹಾಕಿ, ಕರವಸ್ತ್ರದಲ್ಲಿ ಸುತ್ತಿದ ಡಿಸ್ಕನ್ನು ಮೇಜಿನ ಮೇಲಿಟ್ಟ.

“ಅವರದ್ದು ಅವರ ಹತ್ರಾನೇ ಇರಲಿ ಅಂತ ತಗೊಂಡೆ. ಕೊಡಾನ ಅಂತ ದಿನಾ ಅವರ ಬೀದಿಗೆ ಹೋಗ್ತೀನಿ. ಬಾಗಿಲು ತಟ್ಟೋಕಾಗ್ದೆ ವಾಪಸ್ ಬಂದ್ಬುಡ್ತೀನಿ.” ಕಣ್ಣೊರೆಸಿಕೊಂಡ. “ಪೊಲೀಸಿಗೆ ಕೊಡ್ತೀರಾ?”

“ನಡಿ,” ಎಂದರು ಅತ್ತೆ, “ನಾನು ತಟ್ತೀನಿ.”

ಸಮದ್ ಲ್ಯಾಪ್‌ಟಾಪ್ ಹಿಡಿದುಕೊಂಡು ನೇರವಾಗಿ ನೂರ್ಜಹಾನಳ ಮನೆಗೇ ಬಂದ. ಮೆಹಬೂಬನನ್ನು ಕಂಡು ಹಲ್ಲು ಕಚ್ಚಿದ. “ಸೋಮವಾರ ಅಳಿಸಲೇಬೇಕು ಅಕ್ಕಾ, ಬೇರೆ ದಾರಿ ಇಲ್ಲ.”

“ಇವತ್ತು ಶನಿವಾರ ಅಲ್ವೇನೋ?”

ಅವನು ಲ್ಯಾಪ್‌ಟಾಪ್ ತೆರೆದು ಡಿಸ್ಕ್ ಹಾಕಿದ.

ನೂರ್ಜಹಾನ್ ಕೊರಳಿಗೆ ದುಪಟ್ಟಾ ಸುತ್ತಿಕೊಂಡು ಒಳಮನೆಯಿಂದ ಬಂದಳು. ಅತ್ತೆ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. ಅವಳು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳಿದಳು. ತುಟಿ ಮಾತಿನ ಜೊತೆ ಅಲುಗುತ್ತಿತ್ತು. ಅವಳ ತಾಯಿ ಬಾಗಿಲಿಗೆ ಒರಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ಸ್ವಲ್ಪ ಹೊತ್ತಿಗೇ ನೂರ್ಜಹಾನ್ ಹೆಡ್‌ಫೋನ್ ತೆಗೆದಳು. ಉಸಿರಿನಷ್ಟೇ ಸಣ್ಣದಾದ, ಹರಿದ ದನಿಯಲ್ಲಿ ಸಮದ್‌ಗೆ ಹೇಳಿದಳು:

“ಇದು ನನಗೆ ಗೊತ್ತು ಭಾಯ್. ನಾನೇ ಹೇಳಿದ್ದಲ್ವಾ? ಅವರದ್ದು ಹಾಕಿ.”

“ಅವನದ್ದು ಬೇರೆ ಡಿಸ್ಕಮ್ಮ. ಸ್ಟುಡಿಯೋದಲ್ಲಿದೆ.”

ಅವಳು ಮೆಹಬೂಬನ ಕಡೆ ತಿರುಗಿದಳು.

“ಹಂಗಾದ್ರೆ ನೀವೇ ಹೇಳಿ. ನಾನು ಒಂದ್ಸಲಾನೂ ಕೇಳಿಲ್ಲ.”

“ಎಲ್ಲಿಂದ?”

“ಮೊದಲಿಂದ.”

ಅತ್ತೆ ಸಮದ್‌ಗೂ ನನಗೂ ಕಣ್ಣಲ್ಲೇ ಸನ್ನೆ ಮಾಡಿದರು. ಮೂವರೂ ಬೀದಿಗೆ ಬಂದೆವು. ಒಳಗೆ ಮೆಹಬೂಬ್ ಶುರು ಮಾಡಿದ, ತಡವರಿಸಿ ನಿಲ್ಲಿಸಿದ, ಮತ್ತೆ ಶುರು ಮಾಡಿದ.

ನಾನು ಸ್ಕೂಟರಿಗೆ ಕೀಲಿ ಹಾಕಿದೆ. ಅತ್ತೆ ನನ್ನ ಕೈ ಹಿಡಿದರು.

“ಇಲ್ಲಿ ಬ್ಯಾಡ, ಸದ್ದಾಯ್ತದೆ. ಬೀದಿ ಕೊನೇವರೆಗೂ ತಳ್ಕೊಂಡೇ ಹೋಗಾನ.”