ಕಾಟಯ್ಯನ ಉಸಿರು

"ಒರಿಜಿನಲ್ ಎಲ್ಲೈತಲೇ ಗೋವರ್ಧನ?"

ಗೊಲ್ಲಪ್ಪ ನನ್ನ ತಲೆಯನ್ನು ಸ್ಪೀಕರಿಗೆ ಇನ್ನೊಮ್ಮೆ ಗುದ್ದಿದ. ಬಾಯಲ್ಲಿ ರಕ್ತ!

"ಕಂಪ್ಯೂಟರ್‌ನಾಗೆ..."

ಸುತ್ತಿಗೆ ಬಿತ್ತು. ಹಾರ್ಡ್ ಡಿಸ್ಕ್ ಪುಡಿಪುಡಿ!

ಕೇಳಿ ಸ್ವಾಮಿ. ಹೊಳಲ್ಕೆರೆಯಲ್ಲಿ ನನ್ನದು ರೆಕಾರ್ಡಿಂಗ್ ಸ್ಟುಡಿಯೋ. ಮಾತಿನ ನಡುವೆ ಉಸಿರಿನ ಸದ್ದಿದ್ದರೆ ತೆಗೆದು ಕೊಡುತ್ತೇನೆ. ಯಾರು, ಯಾಕೆ ಎಂದು ಕೇಳುವ ಚಾಳಿ ನನಗಿಲ್ಲ.

ಈ ಗುದ್ದಾಟಕ್ಕೆ ಒಂದು ತಿಂಗಳ ಮೊದಲು ಇದೇ ಗೊಲ್ಲಪ್ಪ ಬಂದಿದ್ದ. ಕಲ್ಲು ಕ್ರಷರ್ ಮಾಲೀಕನ ಬಲಗೈ. ಫೋನಿನಲ್ಲಿ ಕೂಲಿಯಾಳು ಕಾಟಯ್ಯನ ದನಿ. 'ಧೂಳಿಂದ ನಂಗೇನೂ ಆಗಿಲ್ಲ. ಆರಾಮಿದೀನಿ.' ಆದರೆ ಮಾತು ಮಾತಿಗೂ ಸುಂಯ್... ಗೊರಗೊರ... ಸುಂಯ್...

"ಈ ದಮ್ಮು ತೆಗಿ," ಅಂದ.

ತೆಗೆದೆ. ಕಾಟಯ್ಯ ಪೈಲ್ವಾನನ ಹಾಗೆ ಮಾತಾಡಿದ!

ಆಮೇಲೆ ಅವನು ಸತ್ತ. ಗುದ್ದಾಟದ ಹಿಂದಿನ ದಿನ ಅವನ ಹೆಂಡತಿ ಓಬವ್ವ ನನ್ನ ಬಾಗಿಲಿಗೆ ಬಂದಳು.

"ಧೂಳು ಕುಡ್ದೇ ಸತ್ರಪ್ಪ ನಮ್ಮನೆಯವ್ರು. ನಾಳೆ ದುರ್ಗದಾಗೆ ವಿಚಾರಣೆ ಐತೆ. ಅವ್ರು ಹೆಂಗೆ ಏದ್ತಿದ್ರು ಅಂತ ಸಾಹೇಬ್ರು ಕೇಳ್ಬೇಕು. ಆ ಕ್ರಷರ್ ನಿಲ್ಬೇಕು. ನನ್ ತಮ್ಮನೂ ಅಲ್ಲೇ ಅವ್ನೆ... ಕೆಮ್ಮು ಸುರು ಆಗೈತೆ."

ಒರಿಜಿನಲ್ ತರುತ್ತೇನೆ ಅಂದುಬಿಟ್ಟೆ. ಅದು ಗೊಲ್ಲಪ್ಪನ ಕಿವಿಗೂ ಬಿತ್ತು; ಬೆಳಿಗ್ಗೆಯೇ ಸುತ್ತಿಗೆ ಹಿಡಿದು ಬಂದ.

ಅವನಿಗೆ ಗೊತ್ತಿಲ್ಲದ್ದು ಒಂದಿತ್ತು. ತೆಗೆಯಬೇಕಾದ ಸದ್ದು ಯಾವುದು ಎಂದು ಸಾಫ್ಟ್‌ವೇರಿಗೆ ಮೊದಲು ಕೇಳಿಸಬೇಕು. ಅದಕ್ಕಾಗಿ ಬರೀ ಉಸಿರನ್ನು ಕತ್ತರಿಸಿ ಬೇರೆ ಇಟ್ಟಿದ್ದೆ. ಅದು ನನ್ನ ಜೇಬಿನ ಪೆನ್‌ಡ್ರೈವಿನಲ್ಲಿತ್ತು.

ಮೊಣಕೈ ಬೀಸಿದೆ. ಗೊಲ್ಲಪ್ಪನ ಮೂಗು ಒಡೆಯಿತು. ಓಡಿ ಬೈಕ್ ಹತ್ತಿದೆ!

ಚಿತ್ರದುರ್ಗದ ರಸ್ತೆ. ಹಿಂದೆ ಅವನ ಜೀಪು! ಎರಡು ಜಲ್ಲಿ ಲಾರಿಗಳ ನಡುವೆ ನುಗ್ಗಿದೆ. ಮಂಡಿ ತರಚಿತು. ಜೀಪು ಹಿಂದೆ ಉಳಿಯಿತು.

ವಿಚಾರಣೆಯಲ್ಲಿ ಕಾಟಯ್ಯ ಆಗಲೇ ಸ್ಪೀಕರಿನಲ್ಲಿ ಸಲೀಸಾಗಿ ಮಾತಾಡುತ್ತಿದ್ದ. ಆರಾಮಿದೀನಿ...

"ಇದನ್ನೂ ಕೇಳ್ರಿ ಸಾರ್!"

ಪೆನ್‌ಡ್ರೈವ್ ಹಾಕಿದರು. ಸುಂಯ್... ಗೊರಗೊರ... ಸುಂಯ್...

ಓಬವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಅವ್ರೇ... ಅವ್ರೇ ಸಾಹೇಬ್ರೆ!"

"ಇದರಲ್ಲಿ ಒಂದು ಮಾತೂ ಇಲ್ಲವಲ್ರಿ," ಅಂದರು ಅಧಿಕಾರಿ. "ಯಾರದ್ದೋ ಉಸಿರು."

"ಆ ರೆಕಾರ್ಡಿಂಗ್‌ನಿಂದ ನಾನೇ ತೆಗ್ದಿದ್ದು ಸಾರ್!"

ಅಷ್ಟರಲ್ಲಿ ಗೊಲ್ಲಪ್ಪ ಮೂಗಿಗೆ ಕರ್ಚೀಫ್ ಒತ್ತಿಕೊಂಡು ಒಳಗೆ ಬಂದ. "ಇವ್ನು ಯಾರೋ ಗೊತ್ತೇ ಇಲ್ಲ ಸಾರ್."

ಅಧಿಕಾರಿ ಹೆಡ್‌ಫೋನ್ ನನ್ನತ್ತ ತಳ್ಳಿದರು. "ಎಲ್ಲಿ ಕತ್ತರಿಸಿದ್ದೀರಿ, ತೋರಿಸ್ರಿ."

ಕೇಳಿದೆ. ಮತ್ತೆ ಕೇಳಿದೆ. ಓಬವ್ವ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ಕತ್ತರಿಸಿದ ಒಂದು ಗೆರೆ, ಒಂದು ಗುರುತು... ಕಾಟಯ್ಯನ ಮಾತಿನಲ್ಲಿ ಎಲ್ಲೂ ಇಲ್ಲ!

ಕ್ರಷರ್ ಇವತ್ತಿಗೂ ಓಡುತ್ತಿದೆ. ಓಬವ್ವನ ತಮ್ಮ ಅಲ್ಲೇ ಕೆಮ್ಮುತ್ತಿದ್ದಾನೆ.

ಏನು ಮಾಡೋದು ಸ್ವಾಮಿ? ನನ್ನ ಕೆಲಸ ಅಷ್ಟು ಚೊಕ್ಕ!